ಮುಂದಿನ ಸಾಲಿನ ಗೈರುಹಾಜರಿ

ಕೇರೆಹಾವಿನ ಮರಿ ದಿನವೂ ಶಾಲೆಯಲ್ಲಿ ಮುಂದಿನ ಸಾಲಿನಲ್ಲೇ ಕೂರುತ್ತಿತ್ತು. ಕಿವಿಯಿಲ್ಲದ ಕಾರಣ, ಹಾಜರಿ ಕೂಗಿದರೆ ಉತ್ತರಿಸುತ್ತಿರಲಿಲ್ಲ. ಹೆಡ್‌ಮಾಸ್ತರ್ ಕತ್ತೆ ದಿನವೂ ಗೈರು ಹಾಕುತ್ತಿತ್ತು.

ತಾಯಿ ಹಾವು ಬಂದು, “ನೆಲಕ್ಕೊಮ್ಮೆ ಗೊರಸು ಬಡಿಯಿರಿ ಸಾರ್, ನಮಗೆ ಅಷ್ಟು ಸಾಕು,” ಎಂದಿತು.

“ಪೋಷಕರ ಸಭೆಯಲ್ಲಿ ಹೇಳಿ,” ಎಂದು ಕತ್ತೆ ಚೀಟಿ ಬರೆದುಕೊಟ್ಟಿತು.

ಸಭೆಯ ದಿನ ತಾಯಿ ಮರಿಯೊಂದಿಗೆ ಎಲ್ಲರಿಗಿಂತ ಮೊದಲೇ ಬಂದು ಕತ್ತೆಯ ಎದುರಿಗೇ ಕೂತಿತು. ಕತ್ತೆ ತಾಯಿಯ ಹೆಸರನ್ನು ಊರಿಗೆಲ್ಲ ಕೇಳುವಂತೆ ಮೂರು ಸಲ ಕೂಗಿತು. ಉತ್ತರ ಬರಲಿಲ್ಲ.

“ತಾಯಿಯೇ ಗೈರು! ಇನ್ನು ಮಗ ಎಲ್ಲಿಂದ ಬಂದಾನು?” ಎಂದು ಪುಸ್ತಕದಲ್ಲಿ ಗೈರು ಬರೆದು, ಸಿಟ್ಟಿನಿಂದ ನೆಲಕ್ಕೆ ಗೊರಸು ಬಡಿಯಿತು.

ತಾಯಿ, ಮರಿ ಎರಡೂ ಥಟ್ಟನೆ ತಲೆಯೆತ್ತಿ, “ಹಾಜರ್, ಸಾರ್!” ಎಂದವು.

“ಗೈರಾದವರು ಸಭೆಯಲ್ಲಿ ಮಾತಾಡುವಂತಿಲ್ಲ!” ಎಂದು ಕತ್ತೆ ಗದರಿತು.