ಬೆಳ್ಯವ್ವನ ಕೈಗೆ ಸಿಗದ ಕಲ್ಲು

ಲೋಕ ಆಗಿನ್ನೂ ಹೊಸದು. ಬೆಟ್ಟಗಳಿಗೆ ಯಾರೂ ಹೆಸರಿಟ್ಟಿರಲಿಲ್ಲ. ಕಾಗೆಗೆ ತನ್ನ ಕೂಗು ಇನ್ನೂ ಸರಿಯಾಗಿ ಬಾಯಿಪಾಠವಾಗಿರಲಿಲ್ಲ. ಗಾಳಿ, ಹೊಳೆ, ಮೀನು, ಮನುಷ್ಯರು ಎಲ್ಲರೂ ಆಡುತ್ತಿದ್ದದ್ದು ಒಂದೇ ಮಾತು. ಜಗಳ ಆಡುತ್ತಿದ್ದದ್ದೂ ಅದೇ ಮಾತಿನಲ್ಲಿ.

ಆ ಕಾಲದಲ್ಲಿ ನೀರಿನೊಳಗಿನ ಕಲ್ಲು ಜಾರುತ್ತಿರಲಿಲ್ಲ. ಹೌದು ಪುಟ್ಟಾ, ಒಂದಿಷ್ಟೂ ಜಾರುತ್ತಿರಲಿಲ್ಲ. ಮಕ್ಕಳು ಹೊಳೆಯ ಕಲ್ಲುಗಳ ಮೇಲೆ ಓಡಿ ಓಡಿ ಆಚೆ ದಡ ಸೇರುತ್ತಿದ್ದರು. ಆ ಬ್ರಷ್ ಸ್ವಲ್ಪ ಕೆಳಗಿಡು. ನಿನ್ನ ಮೀನುಗಳ ಗಾಜಿನ ತೊಟ್ಟಿಯ ಕಲ್ಲುಗಳನ್ನು ಆಮೇಲೆ ಬೇಕಾದರೆ ತಿಕ್ಕುವೆಯಂತೆ. ಮೊದಲು ಬೆಳ್ಯವ್ವನ ಕತೆ ಕೇಳು.

ಹೊಳೆಯ ದಡದಲ್ಲಿ ಬೆಳ್ಯವ್ವ ಅಂತ ಒಬ್ಬ ಅಜ್ಜಿ ಇದ್ದಳು. ಜೊತೆಗೆ ಮೊಮ್ಮಗಳು ನಿಂಗಿ. ಬೆಳ್ಯವ್ವನಿಗೆ ಕೊಳೆ ಕಂಡರೆ ಆಗುತ್ತಿರಲಿಲ್ಲ. ಬೆಳಗಾದರೆ ಸಾಕು, ಒಂದು ಕೈಯಲ್ಲಿ ಒಲೆಯ ಬೂದಿ, ಇನ್ನೊಂದು ಕೈಯಲ್ಲಿ ತೆಂಗಿನ ನಾರು. ಪಾತ್ರೆ ತಿಕ್ಕುವಳು. ಹೊಸ್ತಿಲು ತಿಕ್ಕುವಳು. ಕರುವಿನ ಗೊರಸನ್ನೂ ತಿಕ್ಕುವಳು. ಕೈಗೆ ಎಟುಕಿದ್ದರೆ ಚಂದ್ರನನ್ನೂ ಕೆಳಗಿಳಿಸಿ, ಹುಣಸೆಹಣ್ಣು ಹಚ್ಚಿ, ಕಲೆ ಹೋಗುವ ತನಕ ಉಜ್ಜಿ ಮತ್ತೆ ಮೇಲಿಡುತ್ತಿದ್ದಳು. ಅವನ ಪುಣ್ಯ, ಎಟುಕಲಿಲ್ಲ.

ಮನೆಯಲ್ಲಿ ಒಂದೇ ಒಂದು ವಸ್ತುವಿಗೆ ಆ ಬೂದಿಯ ಭಯ ಇರಲಿಲ್ಲ. ಅದು ಹೆಪ್ಪಿನ ಚಿಪ್ಪು. ಮೊಸರಿನ ಗಡಿಗೆ ತೊಳೆಯುವ ಮೊದಲು ಬೆಳ್ಯವ್ವ ತಳದಲ್ಲಿ ಉಳಿದ ಮೊಸರನ್ನು ಒಂದು ತೆಂಗಿನ ಚಿಪ್ಪಿಗೆ ತೆಗೆದಿಡುತ್ತಿದ್ದಳು. ಸಂಜೆ ಹಾಲು ಕಾಯಿಸಿ ಆರಿಸಿದ ಮೇಲೆ ಅದರಿಂದಲೇ ಹೆಪ್ಪು ಹಾಕುವುದು. ಆ ಚಿಪ್ಪನ್ನು ಯಾರೂ ಮುಟ್ಟುವ ಹಾಗಿರಲಿಲ್ಲ.

ಹೀಗಿರುವಾಗ ಲೋಕದ ಮೊದಲ ಬೇಸಿಗೆ ಬಂತು. ಬೇಸಿಗೆ ಅಂದರೆ ಏನು ಅಂತ ಯಾರಿಗೂ ಗೊತ್ತಿರಲಿಲ್ಲ. ಪಾಪ, ಹೊಳೆಗೂ ಗೊತ್ತಿರಲಿಲ್ಲ. ಅವಳು ದಿನದಿಂದ ದಿನಕ್ಕೆ ಸಣಕಲಾಗುತ್ತಾ ಹೋದಳು. ನೀರು ಪಾದ ಮುಳುಗುವಷ್ಟೂ ಉಳಿಯಲಿಲ್ಲ. ಕೊಕ್ಕರೆಗಳು ಊಟಕ್ಕೆ ಕೂತವರ ಹಾಗೆ ಸಾಲಾಗಿ ನಿಂತವು.

ದಡದ ಪಕ್ಕದ ಒಂದು ಸಣ್ಣ ಗುಂಡಿಯಲ್ಲಿ ಕೆಂಚಿ ಸಿಕ್ಕಿಕೊಂಡಿದ್ದಳು. ಕೆಂಚಿ ಅಂದರೆ ಕೆಂಪು ಮೀನು. ಇಡೀ ಹೊಳೆಯಲ್ಲಿ ಆಗ ಇದ್ದ ಕೆಂಪು ಮೀನು ಅವಳೊಬ್ಬಳೇ.

"ನಿಂಗೀ, ನಿಂಗೀ," ಅಂತ ಕೆಂಚಿ ಕರೆದಳು. "ನನ್ ಹೊಟ್ಟೇಲಿ ಮೊಟ್ಟೆ ಐತೆ ಕಣೇ. ಮಳೆ ಬರೋಗಂಟ ನಿಮ್ಮನೇಲಿ ಇಟ್ಕೊ. ಹೊಳೆ ತುಂಬಿದ್ಮೇಲೆ ತಂದು ಬಿಟ್ಬುಡು. ನಾನು ಸತ್ರೆ ಕೆಂಪು ಮೀನು ಅನ್ನೋದೇ ಇರಾಕಿಲ್ಲ."

ನಿಂಗಿ ನೀರಿಗೆ ತಂದಿದ್ದ ಕೊಡವನ್ನು ಗುಂಡಿಗೆ ಬಗ್ಗಿಸಿದಳು. ಕೆಂಚಿಯನ್ನು ಕೊಡದಲ್ಲಿ ಹಾಕಿಕೊಂಡು ಮನೆಗೆ ಓಡಿದಳು. ಹಿತ್ತಲಿನಲ್ಲಿ, ಮರದ ನೆರಳಿನಲ್ಲಿ, ದನಗಳಿಗೆ ನೀರು ಕುಡಿಸುವ ಒಂದು ಕಲ್ಲಿನ ಬಾನಿ ಇತ್ತು. ಬಾವಿಯಿಂದ ನೀರು ಸೇದಿ ಬಾನಿ ತುಂಬಿಸಿ ಕೆಂಚಿಯನ್ನು ಬಿಟ್ಟಳು. ಮನೆಯಲ್ಲಿ ಮೀನು ಸಾಕಿದ್ದು ಲೋಕದಲ್ಲಿ ಅದೇ ಮೊದಲು.

ಬೆಳ್ಯವ್ವ ಬಂದು ಇಣುಕಿ ನೋಡಿದಳು. ಮೀನು ಚೆಂದ ಇತ್ತು, ಬೇಡ ಅನ್ನಲು ಅವಳಿಗೂ ಮನಸ್ಸು ಬರಲಿಲ್ಲ.

"ಇರ್ಲಿ ಬುಡು ಮಗಾ. ಆದ್ರೆ ನನ್ ಹಿತ್ಲು ಗಲೀಜಾಗಬಾರ್ದು," ಅಂದಳು.

ಕಷ್ಟ ಶುರುವಾದದ್ದು ಆಮೇಲೆ.

ಮೊದಲನೆಯದು ಊಟದ ಕಷ್ಟ. ನಿಂಗಿ ಬಾನಿಯ ಹತ್ತಿರ ಹೋದಾಗಲೆಲ್ಲ ಕೆಂಚಿ ಮೇಲೆ ಬಂದು ಬಾಯಿ ತೆರೆಯುವಳು. "ಹಸಿವು ಕಣೇ, ಇನ್ನೊಂದ್ ಚೂರು," ಅನ್ನುವಳು. ನಿಂಗಿ ರೊಟ್ಟಿಯ ಚೂರು ಹಾಕುವಳು. ಐದು ನಿಮಿಷ ಬಿಟ್ಟು ಹೋದರೂ ಅದೇ ಮಾತು, "ಇನ್ನೊಂದ್ ಚೂರು." ಮೀನಿನ ಈ ಮಾತನ್ನು ಮಾತ್ರ ನಂಬಬೇಡ ಪುಟ್ಟಾ. ನಿಮ್ಮಪ್ಪ ನಂಬುತ್ತಾನೆ, ಅದಕ್ಕೇ ನಿನ್ನ ತೊಟ್ಟಿಯ ತಳ ಹಾಗಿರುವುದು. ತಿನ್ನುವಷ್ಟು ತಿಂದು ಮಿಕ್ಕಿದ್ದು ತಳಕ್ಕೆ ಹೋಗಿ ಕೊಳೆಯಿತು. ನೀರು ಮಂಕಾಯಿತು.

ನೀರು ಮಂಕಾದದ್ದೇ ತಡ, ಬೆಳ್ಯವ್ವ ಸೆರಗು ಸಿಕ್ಕಿಸಿ ಬಂದಳು. ಕೆಂಚಿಯನ್ನು ಕೊಡಕ್ಕೆ ಎತ್ತಿಹಾಕಿದಳು. ಇದ್ದ ನೀರನ್ನೆಲ್ಲ ಚೆಲ್ಲಿ, ಬೂದಿ ಹಾಕಿ ಬಾನಿಯನ್ನು ಗಸಗಸ ತಿಕ್ಕಿ, ಬಾವಿಯಿಂದ ಹೊಸ ನೀರು ತಂದು ಸುರಿದಳು. ಬಾನಿ ಪಳಪಳ ಅಂದಿತು. ಕೆಂಚಿ ಗಡಗಡ ನಡುಗಿದಳು.

ಮತ್ತೆ ನೀರು ಮಂಕಾಯಿತು. ಮತ್ತೆ ಬೂದಿ, ಮತ್ತೆ ನಾರು, ಮತ್ತೆ ಹೊಸ ನೀರು. ಬಾನಿ ಪಳಪಳ, ಕೆಂಚಿ ಗಡಗಡ.

ಬೆಳ್ಯವ್ವನದು ಕೆಟ್ಟ ಬುದ್ಧಿಯೇನಲ್ಲ. ಮೀನು ಸೊರಗಿದಷ್ಟೂ ಅವಳು ಇನ್ನೂ ಚೆನ್ನಾಗಿ ತಿಕ್ಕಿದಳು. ಅವಳಿಗೆ ಗೊತ್ತಿದ್ದ ಔಷಧ ಅದೊಂದೇ. ಆದರೆ ಕೆಂಚಿಯ ಬಣ್ಣ ಇಳಿಯಿತು. ರೆಕ್ಕೆ ಮುದುರಿತು. ಕೊನೆಗೆ ನೀರಿನ ಮೇಲೆ ಬಾಯಿಟ್ಟುಕೊಂಡು, ಒಂದೊಂದು ಉಸಿರಿಗೂ ಒದ್ದಾಡತೊಡಗಿದಳು. ಊಟ ಕೇಳುವುದನ್ನೂ ಬಿಟ್ಟಳು.

ಮೀನು ಊಟ ಕೇಳದಿದ್ದರೆ ಹೆದರಬೇಕಾದದ್ದೇ. ನಿಂಗಿ ಹೆದರಿದಳು.

ಬೇಲಿಯ ಮೇಲೆ ಹೋಗುತ್ತಿದ್ದ ಗಾಳಿಯನ್ನು ಕೂಗಿ ನಿಲ್ಲಿಸಿದಳು. "ಗಾಳಿಯಣ್ಣಾ, ನಮ್ ಕೆಂಚಿ ಸಾಯ್ತಾವ್ಳೆ. ಏನಾದ್ರೂ ಮಾಡೋ."

ಗಾಳಿ ಬಾನಿಯ ಮೇಲೆ ಬಗ್ಗಿ ಉಫ್ ಉಫ್ ಅಂತ ಊದಿತು. ನೀರು ಅಲೆಅಲೆಯಾಯಿತು. ಕೆಂಚಿಗೆ ಒಂಚೂರು ಉಸಿರು ಬಂತು. ನಿನ್ನ ತೊಟ್ಟಿಯಲ್ಲಿ ಗುಳುಗುಳು ಅಂತ ಗುಳ್ಳೆ ಬಿಡುವ ಪೈಪು ಇದೆಯಲ್ಲ, ಆ ಕೆಲಸವನ್ನು ಮೊದಲು ಮಾಡಿದ್ದು ಗಾಳಿ.

"ಉಸುರು ಕೊಡಬಲ್ಲೆ ತಂಗೀ, ಉಸುರು ಮಾತ್ರ," ಅಂದಿತು ಗಾಳಿ. "ರೋಗ ನೀರಿಂದು. ನೀರಿನ ಇಚಾರ ಹೊಳೆಯವ್ವನ್ನ ಕೇಳು."

ನಿಂಗಿ ಹೊಳೆಯ ಹತ್ತಿರ ಓಡಿದಳು. ಹೊಳೆ ನೂಲಿನಂತೆ ಹರಿಯುತ್ತಾ ಮಲಗಿದ್ದಳು.

"ಹೊಳೆಯವ್ವಾ, ನಿನ್ನೊಳಗೆ ಚೆನ್ನಾಗಿದ್ದ ಕೆಂಚಿ ನಮ್ಮನೇಲಿ ಯಾಕ್ ಹಿಂಗಾದ್ಲು? ನಮ್ಮಜ್ಜಿ ದಿನಾ ತಿಕ್ಕಿ ತೊಳೀತಾಳೆ. ನಿನ್ನ ಯಾರೂ ತೊಳ್ಯಾಕಿಲ್ಲವಲ್ಲ!"

ಹೊಳೆ ಸುಸ್ತಿನಲ್ಲೂ ನಕ್ಕಳು. "ಅದೇ ಕಣವ್ವ. ಸಂಜೆ ನಿಮ್ಮನೇಲಿ ಹಾಲು ಇಡ್ತೀರಲ್ಲ, ಅದು ತಾನಾಗೇ ಮೊಸರಾಯ್ತದಾ?"

"ಎಲ್ಲಾರಾ ಆಯ್ತದಾ? ಹೆಪ್ಪು ಹಾಕ್ಬೇಕು."

"ಹೆಪ್ಪು ಇಲ್ದಿದ್ರೆ?"

"ಪಕ್ಕದ್ ಮನೇಲಿ ಇಸ್ಕೊಂಡು ಬರ್ಬೇಕು."

"ನೀರಿಗೂ ಹೆಪ್ಪು ಬೇಕು ಮಗಳೇ. ಬರೀ ನೀರು ಬರೀ ಹಾಲಿದ್ದಂಗೆ, ಕೆಟ್ಟೋಯ್ತದೆ. ನಂಗೂ ಹೆಪ್ಪು ಐತೆ. ಆ ಕಲ್ಲಿನ ಅಡೀಲಿ ನೋಡು."

ನಿಂಗಿ ಕಲ್ಲಿನ ಅಡಿಯ ಕೆಸರಿಗೆ ಕೈ ಹಾಕಿದಳು. ಕೈಗೆ ತಣ್ಣಗೆ, ಲೋಳೆಲೋಳೆಯಾಗಿ ಏನೋ ತಾಕಿತು. ಅವರು ಲೋಳೆ ಮಂದಿ. ಒಬ್ಬೊಬ್ಬರನ್ನೂ ನೋಡಲು ಕಣ್ಣು ಸಾಲದು, ಅಷ್ಟು ಸಣ್ಣವರು. ಮೀನು ಬಿಟ್ಟ ಹೊಲಸು, ಕೊಳೆತ ಎಲೆ, ಹಳಸಿದ ಅನ್ನ, ಇದೇ ಅವರ ಊಟ. ಅವರು ಉಂಡು ಬಿಟ್ಟ ಮೇಲೇ ನೀರು ಮೀನಿಗೆ ಹಿತವಾಗುವುದು. ಆದರೆ ತುಂಬ ನಾಚಿಕೆಯವರು. ಆಗ ಅವರು ಕೆಸರು ಬಿಟ್ಟು ಮೇಲೆ ಬರುತ್ತಲೇ ಇರಲಿಲ್ಲ.

"ಬರ್ತೀರಾ ನಮ್ಮನೆಗೆ?" ಅಂತ ನಿಂಗಿ ಕೇಳಿದಳು.

"ಬೆಳ್ಯವ್ವನ ಮನೆಗಾ?" ಲೋಳೆ ಮಂದಿ ಒಟ್ಟಿಗೆ ಕಿರುಚಿದರು. "ಅಯ್ಯಪ್ಪಾ, ಬರಾಕಿಲ್ಲ! ಒಂದೇ ಉಜ್ಜಿಗೆ ನಮ್ ವಂಶಾನೇ ಹೋಯ್ತದೆ!"

ಅವರ ಭಯವೂ ನ್ಯಾಯವೇ. ನಿಂಗಿಯ ಕಣ್ಣಲ್ಲಿ ನೀರು ಬಂತು. ಅದು ಟಪ್ ಅಂತ ಕಲ್ಲಿನ ಮೇಲೆ ಬಿತ್ತು.

ಅದೊಂದು ಚಪ್ಪಟೆ ಕರಿಗಲ್ಲು. ಅಲ್ಲಿಯ ತನಕ ಬಾಯೇ ಬಿಡದೆ ಬಿದ್ದಿತ್ತು. "ನನ್ ಬೆನ್ ಮೇಲೆ ಕೂತ್ಕೊಳ್ರಯ್ಯ," ಅಂದಿತು ಕಲ್ಲು. "ಒರಟು ಬೆನ್ನು, ಹಿಡಕೊಳ್ಳೋಕೆ ಬೇಕಾದಷ್ಟು ಜಾಗ ಐತೆ. ನಾನೂ ಜೊತೇಲಿ ಬತ್ತೀನಿ."

"ಅಜ್ಜಿ ಬೂದಿ ತಂದ್ರೆ?"

ಆಗ ಹೊಳೆಯೇ ಎದ್ದು ಕೂತಳು. ಇದ್ದ ಚೂರು ನೀರನ್ನು ಆ ಕಲ್ಲಿನ ಮೇಲೆ ಹರಿಸಿ ಹೇಳಿದಳು: "ನಿಮ್ಮ ಮೇಲೆ ಮೆಲ್ಲಗೆ ಕೈಯಿಟ್ಟೋರಿಗೆ ನೀವು ಮೆತ್ತಗಿರಿ. ದಡಬಡ ಬಂದೋರು ಜಾರಿ ಹೋಗ್ಲಿ."

ಲೋಳೆ ಮಂದಿ ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಕಲ್ಲಿನ ಬೆನ್ನೇರಿದರು. ನಿಂಗಿ ಒದ್ದೆ ಸೆರಗಿನಲ್ಲಿ ಸುತ್ತಿ, ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ಬಂದು ಕಲ್ಲನ್ನು ಬಾನಿಯೊಳಗೆ ಇಟ್ಟಳು.

ಬೆಳ್ಯವ್ವನ ಕಣ್ಣು ಅದನ್ನು ಬಿಟ್ಟೀತೇ?

"ಅಯ್ಯೋ ನನ್ ಕರ್ಮವೇ! ಏನಮ್ಮಿ ಇದು, ಲೋಳೆ ಹಿಡಿದ ಕಲ್ಲು! ಮೀನು ಸಾಯ್ತಾ ಐತೆ, ನೀನು ಹೊಲಸು ತಂದು ಹಾಕ್ತೀಯಲ್ಲಾ!" ಅಂತ ನಾರು ಹಿಡಿದು ಬಂದವಳೇ ಬಾನಿಗೆ ಕೈ ಹಾಕಿದಳು. ಕಲ್ಲು ಸರ್ರನೆ ಜಾರಿತು. ಎರಡೂ ಕೈ ಹಾಕಿ ಹಿಡಿದಳು. ಕಲ್ಲು ಪುಳಕ್ಕನೆ ಜಾರಿ ನೀರಿಗೆ ಬಿದ್ದು, ಅಜ್ಜಿಯ ಮುಖದ ತುಂಬ ನೀರು ಎರಚಿತು. ಅವಳ ಜನ್ಮದಲ್ಲಿ ಕೈಗೆ ಸಿಗದ ಪಾತ್ರೆ ಒಂದಿರಲಿಲ್ಲ. ಬೆಳ್ಯವ್ವನಿಗೆ ರೇಗಿಹೋಯಿತು.

"ಬೂದಿ ತತ್ತಾ ಇಲ್ಲಿ!" ಅಂತ ಗುಡುಗಿದಳು.

ನಿಂಗಿ ಒಳಗೆ ಹೋದಳು. ಬೂದಿಯನ್ನೇನೋ ತಂದಳು. ಇನ್ನೊಂದು ಕೈಯಲ್ಲಿ ಹೆಪ್ಪಿನ ಚಿಪ್ಪನ್ನೂ ತಂದಳು. ಅಜ್ಜಿಯ ಎದುರು ಕೂತು ಕೇಳಿದಳು:

"ಅಜ್ಜೀ, ಮೊದ್ಲು ಈ ಚಿಪ್ಪು ತಿಕ್ಲಾ? ಇದೂ ಲೋಳೆಲೋಳೆಯಾಗೇ ಐತೆ."

"ಏಯ್, ಏಯ್! ಮುಟ್ಟೀಯಾ!" ಬೆಳ್ಯವ್ವ ನಾರು ಎಸೆದು ಚಿಪ್ಪನ್ನು ಕಿತ್ತುಕೊಂಡಳು. "ಹೆಪ್ಪು ಕಣಮ್ಮಿ ಅದು! ನನ್ನವ್ವ ಕೊಟ್ಟಿದ್ದು. ಒಂದಿನಾನೂ ತಪ್ಪಿಸ್ದೆ ಉಳಿಸ್ಕೊಂಡು ಬಂದಿವ್ನಿ. ಇದು ಹೋದ್ರೆ ನಾಳೆ ಮೊಸರು ಎಲ್ಲಿಂದ ಬಂದಾತು?"

"ಆ ಕಲ್ಲೂ ಹೆಪ್ಪೇ ಕಣಜ್ಜಿ. ನೀರಿನ ಹೆಪ್ಪು. ಹೊಳೆಯವ್ವ ಕೊಟ್ಟವ್ಳೆ."

ಬೆಳ್ಯವ್ವ ಚಿಪ್ಪನ್ನು ನೋಡಿದಳು. ಕಲ್ಲನ್ನು ನೋಡಿದಳು. ಬಾಯಿ ಬಾಯಿ ಬಿಡುತ್ತಿದ್ದ ಕೆಂಚಿಯನ್ನು ನೋಡಿದಳು. ಮುಖದ ನೀರು ಒರೆಸಿಕೊಂಡು, ಚಿಪ್ಪನ್ನು ಜೋಪಾನವಾಗಿ ಪಕ್ಕಕ್ಕಿಟ್ಟಳು.

"ನಂಗ್ಯಾಕೆ ಹೊಳೀಲಿಲ್ಲ ಇದು," ಅಂದಳು ಕೊನೆಗೆ. ದನಿ ಸಣ್ಣದಾಗಿತ್ತು. "ಹೆಪ್ಪು ಹಾಕಿದ್ಮೇಲೆ ಅಲ್ಲಾಡಿಸಬಾರ್ದು ಮಗಾ. ಬಾನಿ ತಂಟೆಗೆ ಯಾರೂ ಹೋಗ್ಬ್ಯಾಡಿ. ನಾನೂವೆ."

ಹೇಳುವುದು ಸುಲಭ. ಮಾರನೆಯ ದಿನ ಬಾನಿಯ ನೀರು ಬೆಳ್ಳಗಾಯಿತು, ನೀರು ಮಜ್ಜಿಗೆ ಇರುತ್ತದಲ್ಲ ಹಾಗೆ. ಬೆಳ್ಯವ್ವನ ಕೈ ತುರಿಸಿತು. ಹೋಗಿ ಚೆಲ್ಲಿಬಿಡೋಣ ಅನ್ನಿಸಿತು. ಎದ್ದಳು, ಕೂತಳು, ಮತ್ತೆ ಎದ್ದಳು. ಕೊನೆಗೆ ಒಳಗೆ ಹೋಗಿ ಒನಕೆ ತಿಕ್ಕಿದಳು. ಒರಳು ತಿಕ್ಕಿದಳು. ಮಣೆ, ಗೂಟ, ಬಾಗಿಲ ಚಿಲಕ ಎಲ್ಲ ತಿಕ್ಕಿದಳು. ಬಾನಿಯ ಕಡೆ ತಿರುಗಿಯೂ ನೋಡಲಿಲ್ಲ. ನಿಂಗಿ ಚಿಟಿಕೆಯಷ್ಟೇ ಊಟ ಹಾಕಿದಳು. ಗಾಳಿ ಬಂದು ಬಂದು ಊದಿ ಹೋಯಿತು. ಲೋಳೆ ಮಂದಿ ಮಾತ್ರ ಕಲ್ಲಿನ ಬೆನ್ನ ಮೇಲೆ ಕೂತು ಉಣ್ಣುತ್ತಲೇ ಇದ್ದರು. ಅವರಿಗೆ ಅಂಥ ಔತಣ ಎಂದೂ ಸಿಕ್ಕಿರಲಿಲ್ಲ.

ಹೀಗೇ ಸ್ವಲ್ಪ ದಿನ ಕಳೆಯಿತು. ಒಂದು ಬೆಳಿಗ್ಗೆ ನಿಂಗಿ ಹೋಗಿ ನೋಡುತ್ತಾಳೆ, ನೀರು ತಿಳಿಯಾಗಿದೆ! ತಳದ ಕರಿಗಲ್ಲು ಕಾಣುತ್ತಿದೆ. ಅದರ ಪಕ್ಕದಲ್ಲಿ ಕೆಂಚಿ, ಕೆಂಪಗೆ, ರೆಕ್ಕೆ ಬಿಚ್ಚಿಕೊಂಡು ನಿಂತಿದ್ದಾಳೆ.

"ಹಸಿವು ಕಣೇ," ಅಂದಳು ಕೆಂಚಿ. "ಇನ್ನೊಂದ್ ಚೂರು."

ನಿಂಗಿ ನಗುತ್ತಾ ಅತ್ತುಬಿಟ್ಟಳು. ಬೆಳ್ಯವ್ವ ಮೂಗು ಒರೆಸಿಕೊಂಡು, ಕಣ್ಣಿಗೆ ಬೂದಿ ಬಿತ್ತು ಅಂತ ಸುಳ್ಳು ಹೇಳಿದಳು.

ಮುಂಗಾರು ಬಂತು. ಹೊಳೆ ಮೈದುಂಬಿಕೊಂಡಳು. ಅಜ್ಜಿ ಕೆಂಚಿಯನ್ನು ಕೊಡದಲ್ಲಿ, ಮೊಮ್ಮಗಳು ಕಲ್ಲನ್ನು ಸೆರಗಿನಲ್ಲಿ ಹೊತ್ತು ಹೊಳೆಗೆ ಹೋದರು. ಕೆಂಚಿ ಮೊಟ್ಟೆ ಇಟ್ಟದ್ದು ಆ ಕಲ್ಲಿನ ಮಗ್ಗುಲಲ್ಲೇ. ಮರಿಗಳು ಹೊರಬಂದು, ಸಾಸಿವೆ ಕಾಳಿನಂಥ ಬಾಯಲ್ಲಿ ಕಲ್ಲಿನ ಬೆನ್ನಿಗೆ ಮುತ್ತಿಡುತ್ತಾ ಆಡಿದವು. ಅದನ್ನು ನೋಡಿ ಉಳಿದ ಕಲ್ಲುಗಳಿಗೆ ಹೊಟ್ಟೆಕಿಚ್ಚಾಯಿತು. "ನಮ್ ಬೆನ್ನಿಗೂ ಬನ್ರಪ್ಪ, ನಮ್ ಬೆನ್ನಿಗೂ ಬನ್ನಿ," ಅಂತ ಲೋಳೆ ಮಂದಿಯನ್ನು ಕರೆದವು. ಕರೆದ ಮೇಲೆ ಇನ್ನೇನು ನಾಚಿಕೆ, ಅವರು ಹೊಳೆಯ ಎಲ್ಲ ಕಲ್ಲುಗಳನ್ನೂ ಏರಿ ಕೂತರು.

ಮಾರನೆಯ ದಿನ ಬೆಳ್ಯವ್ವ ಪಾತ್ರೆ ತೊಳೆಯಲು ಎಂದಿನಂತೆ ದಡಬಡ ಹೊಳೆಗಿಳಿದಳು. ಸರ್ರನೆ ಜಾರಿ, ಸೊಂಟದ ತನಕ ನೀರಲ್ಲಿ ಕೂತಳು. ಅವಳು ಬಯ್ದ ಬೈಗುಳ ಮಕ್ಕಳಿಗೆ ಹೇಳುವಂಥದ್ದಲ್ಲ. ಆದರೆ ಬಯ್ಯುತ್ತಾ ಬಯ್ಯುತ್ತಾ ಅವಳಿಗೇ ನಗು ಬಂತು. ಎದ್ದವಳು ಕಲ್ಲಿನ ಮೇಲೆ ಅಂಗೈಯನ್ನು ಮೆಲ್ಲಗೆ ಇಟ್ಟಳು.

"ಇರಿ ಬುಡ್ರಪ್ಪ," ಅಂದಳು. "ನಿಮ್ ಪಾಡಿಗೆ ನೀವಿರಿ."

ಈಗ ಹೇಳು ಪುಟ್ಟಾ, ಬ್ರಷ್ ಬೇಕಾ? ನೀರು ಬದಲಿಸುವುದಿದ್ದರೆ ಬದಲಿಸು, ಅರ್ಧಕ್ಕಿಂತ ಹೆಚ್ಚು ಹಳೇ ನೀರು ತೊಟ್ಟಿಯಲ್ಲೇ ಉಳಿಯಲಿ, ಕಲ್ಲಿನ ತಂಟೆಗೆ ಹೋಗಬೇಡ. ಬೇಕಾದರೆ ಕೈ ಹಾಕಿ ಒಂದು ಸಲ ಮುಟ್ಟಿ ನೋಡು. ನೋಡಿದೆಯಾ, ಜಾರಿತು! ಮೆಲ್ಲಗೆ ಮುಟ್ಟು. ಅಂದಿನಿಂದ ಇಂದಿನವರೆಗೂ ನೀರಿನೊಳಗಿನ ಕಲ್ಲು ಜಾರುವುದು ಅದಕ್ಕೇ, ಕೈ ಹಾಕಿದವರು ಬೆಳ್ಯವ್ವನೇ ಇರಬೇಕು ಅಂತ ಲೋಳೆ ಮಂದಿಗೆ ಇವತ್ತಿಗೂ ಅನುಮಾನ.