ಸಿಪ್ಪೆ ಕುಡಿದ ಕೆಂಪು

ಹಳ್ಳದ ದಂಡೆಯಲ್ಲೊಂದು ಮಠ. ಅದರ ಮೇಲ್ಗಡೆ ನೂಲಿಗೆ ಬಣ್ಣ ಹಾಕುವವರ ಕೇರಿ. ಅವರು ಉಳಿದ ಬಣ್ಣವನ್ನೆಲ್ಲ ಹಳ್ಳಕ್ಕೇ ಬಿಡುತ್ತಿದ್ದರು.

ಒಂದು ಮುಂಜಾನೆ ನೀರಿಗೆ ಹೋದ ಶಿಷ್ಯ ಹೊನ್ನಯ್ಯ ಖಾಲಿ ಕೊಡ ಹಿಡಿದು ಓಡಿ ಬಂದ.

"ಅಜ್ಜಾರ, ಹಳ್ಳ ಪೂರಾ ಕೆಂಪಗಾಗೇತ್ರಿ. ಮೀನ ಸತ್ತು ತೇಲಾಕತ್ತಾವ. ನೀರ ಮುಟ್ಟಾಕ ಹೆದರಿಕಿ ಆಗತೈತ್ರಿ. ಈ ಹೆದರಿಕಿ ಹೋಗೂವಂಗ ಏನರ ಮಾಡ್ರಿ."

"ಹೆದರಿಕಿ ಇರ್ಲಿ," ಅಂದರು ಗುರುಗಳು. "ಗಾಣದ ಮನಿಯಿಂದ ಶೇಂಗಾ ಸಿಪ್ಪಿ ತಗೊಂಡ ಬಾ."

ಸಿಪ್ಪೆಯನ್ನು ತೊಳೆಸಿ, ಒಣಗಿಸಿ, ಕುಟ್ಟಿಸಿ, ತಳ ತೂತಾದ ಗಡಿಗೆಗೆ ತುಂಬಿಸಿದರು. ಮರುದಿನ ಅದರ ಮೇಲೆ ಕೆಂಪು ನೀರು ಸುರಿಸಿದರು. ಕೆಳಗೆ ತೊಟ್ಟಿಕ್ಕಿದ ನೀರು ತಿಳಿಯಾಗಿತ್ತು.

ಹೊನ್ನಯ್ಯನಿಗೆ ಹಿಗ್ಗೋ ಹಿಗ್ಗು. ಬೊಗಸೆಯೊಡ್ಡಿ ಕುಡಿಯಲು ಹೋದ. ಗುರುಗಳು ಕೈ ಹಿಡಿದರು.

"ಕುಡಿಯೂದು ಬಾವಿ ನೀರ. ಇದು ನೆಲ ಒರಸಾಕ ಅಷ್ಟ."

"ಇನ್ನ್ಯಾತರ ಹೆದರಿಕಿ ಅಜ್ಜಾರ? ಕೆಂಪ ಹೋತಲ್ರಿ!"

"ಎಲ್ಲಿಗೆ ಹೋತು?"

ಹೊನ್ನಯ್ಯ ನಕ್ಕುಬಿಟ್ಟ. ಅಜ್ಜಾರು ಎಲ್ಲಕ್ಕೂ ಒಂದು ಪ್ರಶ್ನೆ ಕೇಳುವವರೇ.

ಮಠದಲ್ಲೊಂದು ರೂಢಿ. ಯಾವ ಸಿಪ್ಪೆಯೇ ಇರಲಿ, ಅದು ಬೆಳ್ಳಿ ಎಂಬ ಹಸುವಿನ ಗೋದಲಿಗೆ. ಬೆಳ್ಳಿ ಆಗ ತುಂಬು ಗಬ್ಬ. ಮಧ್ಯಾಹ್ನ ಗಡಿಗೆ ತೊಳೆಯಲು ಹೋದ ಹೊನ್ನಯ್ಯ, ಹಾಡು ಗುನುಗುತ್ತಾ, ನೆನೆದ ಸಿಪ್ಪೆಯನ್ನು ರೂಢಿಯಂತೆ ಅಲ್ಲಿಗೇ ಸುರಿದ.

ತಿರುಗಿ ನೋಡಿದರೆ ಬೆಳ್ಳಿಯ ಬಿಳಿ ಮೂತಿ ಕೆಂಪಗಿತ್ತು.

ಅವನು ಗಡಿಗೆ ಅಲ್ಲೇ ಬಿಟ್ಟು ಓಡಿ ಬಂದ. ಹಸುವಿನ ಬಾಯಿಗೆ ಕೈ ಹಾಕಿ ಸಿಪ್ಪೆ ಬಗೆದು ತೆಗೆದ.

"ಅಜ್ಜಾರ, ಎಷ್ಟ ನುಂಗೇತೋ ಗೊತ್ತಿಲ್ರೀ! ಹೊಟ್ಯಾಗಿನ ಕರಾ ಸತ್ತರ ಏನ ಮಾಡ್ಲಿ?"

ಗುರುಗಳು ಬಕೆಟ್ಟಿನಲ್ಲಿ ಬಾವಿ ನೀರು ತಂದು ಬೆಳ್ಳಿಯ ಮುಂದಿಟ್ಟರು.

ಹೊನ್ನಯ್ಯ ಅದರ ಹೊಟ್ಟೆಯ ಮೇಲೆ ಕೈಯಿಟ್ಟು ಕುಳಿತ. ಒಳಗೆ ಕರು ಮಿಸುಕಲಿಲ್ಲ. ಊಟಕ್ಕೆ ಕರೆದರೂ ಏಳಲಿಲ್ಲ. 

ದೀಪ ಹಚ್ಚುವ ಹೊತ್ತಿಗೆ ಅಂಗೈಗೆ ಒಳಗಿನಿಂದ ಒದೆ ಬಿತ್ತು. ಹೊನ್ನಯ್ಯ ಗಳಗಳ ಅತ್ತ.

ಆಮೇಲೆ ಎದ್ದು ಸಿಪ್ಪೆಯನ್ನೆಲ್ಲ ಬುಟ್ಟಿಗೆ ಬಳಿದುಕೊಂಡ. ಹಳ್ಳದ ಕಡೆ ಹೋಗಿ ಹಿಂದಿರುಗಿದ. ತಿಪ್ಪೆಯ ಕಡೆ ಹೋಗಿ ಹಿಂದಿರುಗಿದ. ಕೊನೆಗೆ ಬುಟ್ಟಿ ಹೊತ್ತುಕೊಂಡೇ ಗುರುಗಳ ಮುಂದೆ ನಿಂತ.

"ಹಳ್ಳಕ್ಕ ಹಾಕಿದ್ರ ಮತ್ತ ನೀರ ಕೆಡತೈತಿ, ತಿಪ್ಪಿಗೆ ಹಾಕಿದ್ರ ಹೊಲ ಕೆಡತೈತಿ. ಎಲ್ಲಿ ಇಡಾಕೂ ಹೆದರಿಕಿ ಆಗತೈತ್ರಿ. ಇದನ್ನ ಏನ ಮಾಡ್ಲಿ, ನೀವ ಹೇಳ್ರಿ ಅಜ್ಜಾರ."

"ನನ್ನ ಯಾಕ ಕೇಳ್ತಿ? ಹಳ್ಳ ಬ್ಯಾಡ, ತಿಪ್ಪಿ ಬ್ಯಾಡ ಅಂತ ನಿನ್ನ ತಡದದ್ದು ಯಾರು? ತಿರುಗಿ ಬಂದೈತಲ್ಲ, ಆ ಹೆದರಿಕಿನ್ನ ಕೇಳು."