ಗೀಜಗ ಬಾಗಿಲು ತಿರುಗಿಸಿದ್ದು

ಯಂತ್ರವನ್ನು ಕೇಳಿಕೊಂಡು ಕವಿತೆ ಬರೆಯಬಹುದೇ ಎಂದು ನನ್ನ ವಾಕಿಂಗ್ ಗೆಳೆಯರು ಜಗಳಕ್ಕೇ ನಿಲ್ಲುತ್ತಾರೆ. ಆಗ ನಾನು ಈ ಗೀಜಗನ ವಿಷಯ ತೆಗೆಯುತ್ತೇನೆ, ನೀವೂ ಕೇಳಿ.

ಬಾವಿಯ ಮೇಲೆ ಬಾಗಿದ ಕೊಂಬೆಗೆ ಎಳೆಯ ಗೀಜಗವೊಂದು ಗೂಡು ನೇಯುತ್ತಿತ್ತು. ಗೂಡು ಅರ್ಧವಾದಾಗ ಹೆಣ್ಣು ಬಂದು ನೋಡಿ ಒಪ್ಪಿದರೆ ಮಾತ್ರ ಸಂಸಾರ. ಆ ಕುಲದ ಪದ್ಧತಿಯೇ ಹಾಗೆ. ಗೀಜಗ ಗಿಳಿಯ ಸಲಹೆ ಕೇಳಿತು. ಗಿಳಿ ಒಂದು ಗೂಡನ್ನೂ ಕಟ್ಟಿರಲಿಲ್ಲ, ಆದರೆ ಸಾವಿರಾರು ಗೂಡು ನೋಡಿತ್ತು.

"ಬಾಗಿಲು ಪಶ್ಚಿಮಕ್ಕಿಡು. ಗುಡ್ಡದಾಚೆ ಎಲ್ಲರೂ ಹಾಗೇ ಇಟ್ಟಿದ್ದಾರೆ" ಎಂದಿತು.

ಹೆಣ್ಣು ಬಂದು ಕೇಳಿತು, "ಬಾಗಿಲು ಈ ಕಡೆ ಯಾಕೆ?"

"ಗಿಳಿ ಹೇಳಿತು."

"ಹಾಗಾದರೆ ಗಿಳಿಯ ಜೊತೆಗೇ ಸಂಸಾರ ಹೂಡು" ಎಂದು ಹಾರಿಹೋಯಿತು.

ಗೀಜಗ ಗಿಳಿಯನ್ನು ಬೈಯಲಿಲ್ಲ, ಬೇರೆ ಪ್ರಶ್ನೆ ಕೇಳಿತು. "ಗಿಳಿಯಣ್ಣ, ಬಿದ್ದುಹೋದ ಗೂಡುಗಳ ಬಾಗಿಲು ಯಾವ ಕಡೆಗಿತ್ತು?"

"ಮಳೆಗಾಳಿ ಬರುವ ಕಡೆಗೆ."

"ನನ್ನ ಕೊಂಬೆಗೆ ಅದು ಎತ್ತಲಿಂದ ಬರುತ್ತದೆ?"

"ಅಲ್ಲಿ ನಾನು ಕೂತಿಲ್ಲವಲ್ಲ ತಮ್ಮಾ."

ಗೀಜಗ ತಾನೇ ಹೋಗಿ ಕೂತಿತು. ಗಾಳಿ ಪಶ್ಚಿಮದಿಂದಲೇ ಬಂದು ಮುಖಕ್ಕೆ ಬಡಿಯಿತು. ನೇಯ್ದದ್ದನ್ನು ಬಿಚ್ಚಿ, ಬಾಗಿಲನ್ನು ಪೂರ್ವಕ್ಕೆ ತಿರುಗಿಸಿತು.

ಹೆಣ್ಣು ಮತ್ತೆ ಬಂತು. "ಈಗ ಈ ಕಡೆ ಯಾಕೆ?"

"ಒಂದು ಗಳಿಗೆ ಒಳಗೆ ಕೂತು ನೋಡು."

ಮಳೆ ಸುರಿಯಿತು, ಗೂಡು ತೂಗಿತು, ಒಳಗೆ ಒಂದು ಹನಿಯೂ ಬೀಳಲಿಲ್ಲ. ಮಳೆ ನಿಂತದ್ದೇ ಹೆಣ್ಣು ಗೂಡಿನೊಳಗೆ ಹಾಸಲು ಮೆತ್ತನೆಯ ನಾರು ಹುಡುಕಿಕೊಂಡು ಹೊರಟಿತು.